ನಾಲಿಗೆ ಮಡಚಿ ಕರೆಯುವ ಹೆಸರು

ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಹರಡಿ, ಅಳಿಯನ ಕೈಗೆ ಚಿನ್ನದ ಉಂಗುರ ಕೊಟ್ಟ ಪುರೋಹಿತರು ‘ಇದರಲ್ಲಿ ಮಗುವಿನ ಹೆಸರು ಬರೀರಿ’ ಎಂದರು. ಅಳಿಯ ಹಿಂದಿನ ರಾತ್ರಿ ಮಗಳ ಪಕ್ಕ ಕೂತು ಆ ಎರಡಕ್ಷರವನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಇಪ್ಪತ್ತು ಸಲವಾದರೂ ತಿದ್ದಿದ್ದರು. ಕಾಶಿಯಲ್ಲಿ ಹುಟ್ಟಿ ಬೆಳೆದವರು, ಕನ್ನಡದ ಅಕ್ಷರ ಅವರ ಕೈಗೆ ಹೊಸದು. ಆದರೂ ಅಕ್ಕಿಯ ಮೇಲೆ ಮೊದಲು ‘ಇ’ ಮೂಡಿತು, ಅದರ ಪಕ್ಕ ನಿಧಾನವಾಗಿ ‘ಳಾ’ ಮೂಡಿತು. ನಾನು ಪಾಠ ಹೇಳಿದ ಎಷ್ಟೋ ಮಕ್ಕಳ ಬರವಣಿಗೆಗಿಂತ ದುಂಡಗಿತ್ತು. ಆಮೇಲೆ ಮಗುವಿನ ಕಿವಿಯ ಹತ್ತಿರ ಬಾಗಿ ಅದೇ ಹೆಸರನ್ನು ಮೂರು ಸಲ ಹೇಳಬೇಕು. ಹೇಳಿದರು: ‘ಇಲಾ, ಇಲಾ, ಇಲಾ.’

ತಟ್ಟೆಯಲ್ಲಿ ಬರೆದದ್ದು ಒಂದು, ಕಿವಿಗೆ ಬಿದ್ದದ್ದು ಇನ್ನೊಂದು. ತೀರ್ಥಹಳ್ಳಿಯ ನಮ್ಮ ಮನೆಯ ಆ ನಡುಮನೆಯಲ್ಲಿ ಐವತ್ತು ಜನ ಸೇರಿದ್ದರು, ಯಾರ ಗಮನಕ್ಕೂ ಬಂದ ಹಾಗೆ ಕಾಣಲಿಲ್ಲ. ಅಳಿಯನ ತಂಗಿ ಸೋದರತ್ತೆಯ ಸ್ಥಾನದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಅವಳೂ ‘ಇಲಾ’ ಎಂದೇ ಕರೆದಳು. ನನ್ನ ಸರದಿ ಬಂದಾಗ ತೊಟ್ಟಿಲ ಹಗ್ಗ ಹಿಡಿದು ‘ಇಳಾ’ ಎಂದೆ. ಮಗು ನಿದ್ದೆ ಮಾಡುತ್ತಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ‘ಹಲ್ಲಿ ಅಲ್ಲ, ಹಳ್ಳಿ’ ಎಂದು ತಿದ್ದಿದ್ದಕ್ಕೆ ಲೆಕ್ಕವಿಲ್ಲ. ಆದರೆ ಶುಭ ಮುಹೂರ್ತದಲ್ಲಿ, ಬೀಗರೆಲ್ಲ ಕೂತಿರುವಾಗ, ಮಗುವಿನ ಅಪ್ಪನನ್ನು ತಿದ್ದುವುದು ಹೇಗೆ? ಸುಮ್ಮನಿದ್ದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ, ಏಕೆಂದರೆ ಆ ಹೆಸರನ್ನು ಸೂಚಿಸಿದವಳು ನಾನೇ.

ಮಗು ಹುಟ್ಟಿದ್ದು ಕೃತ್ತಿಕಾ ನಕ್ಷತ್ರದ ಎರಡನೆಯ ಪಾದದಲ್ಲಿ. ಇಪ್ಪತ್ತೇಳು ನಕ್ಷತ್ರಗಳು, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಪಾದಕ್ಕೂ ಒಂದೊಂದು ಅಕ್ಷರ. ಕೃತ್ತಿಕೆಗೆ ಅ, ಇ, ಉ, ಎ. ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಇಕಾರ. ಅದೇ ಅಕ್ಷರ ಆಗಬೇಕೆಂದು ಮನೆಯಲ್ಲಿ ಯಾರೂ ಹಟ ಹಿಡಿಯಲಿಲ್ಲ. ಆದರೆ ಸಾವಿರಾರು ಹೆಸರುಗಳ ನಡುವೆ ಕಂಗೆಟ್ಟಿದ್ದ ಮಗಳಿಗೆ ಒಂದು ಅಕ್ಷರ ಸಿಕ್ಕಿದ್ದೇ ಹಿಡಿದುಕೊಳ್ಳಲು ಗೋಡೆ ಸಿಕ್ಕಂತಾಯಿತು. ಮೊಬೈಲಿನಲ್ಲಿ ‘ಅಪರೂಪದ ಹೆಸರುಗಳು’ ಎಂದು ಹುಡುಕಿ ಪಟ್ಟಿ ಕಳಿಸುತ್ತಿದ್ದಳು. ಇಶಾನ್ವಿ, ಇನಾಯಾ, ಇರಾ, ಇಶಿತಾ. ಒಂದು ವಾರ ಕಳೆದ ಮೇಲೆ ಅವಳೇ ಫೋನ್ ಮಾಡಿ, ‘ಅಮ್ಮ, ಈ ಅಪರೂಪದ ಹೆಸರೆಲ್ಲ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದಾವೆ, ಇರಾ ಅಂತೂ ಇಬ್ಬರು’ ಎಂದಳು.

ಹೆಸರುಗಳು ಅಲೆಯಲೆಯಾಗಿ ಬರುತ್ತವೆ ಎನ್ನುವುದು ನಾನು ಹಾಜರಿ ಪುಸ್ತಕದಿಂದ ಕಲಿತ ಪಾಠ. ನನ್ನ ಅಜ್ಜಿಯ ಕಾಲದವರು ಪುಟ್ಟಮ್ಮ, ಗಂಗಮ್ಮ, ಸೀತಮ್ಮ. ಅಮ್ಮನ ವಾರಿಗೆಯವರು ಸರೋಜ, ಶಾರದೆ, ವಿಮಲಾ, ಜಯಂತಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಗೀತಾ, ಲತಾ, ಸುಮಾ, ಶೋಭಾ; ಹತ್ತು ವರ್ಷ ಕಳೆಯುವಷ್ಟರಲ್ಲಿ ಕವಿತಾ, ಸವಿತಾ, ರೂಪಾ, ಶಿಲ್ಪಾ. ಒಂದು ವರ್ಷ ಒಂದೇ ತರಗತಿಯಲ್ಲಿ ನಾಲ್ವರು ಅಶ್ವಿನಿಯರಿದ್ದರು. ಮಕ್ಕಳೇ ಅವರನ್ನು ದೊಡ್ಡ ಅಶ್ವಿನಿ, ಸಣ್ಣ ಅಶ್ವಿನಿ, ಎರಡು ಜಡೆ ಅಶ್ವಿನಿ, ಪೇಟೆ ಅಶ್ವಿನಿ ಎಂದು ಹಂಚಿಕೊಂಡಿದ್ದರು. 1994ರಲ್ಲಿ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಹದಿಮೂರು ವರ್ಷ ಬಿಟ್ಟು ಎಂಟನೇ ತರಗತಿಯ ಬಾಗಿಲಲ್ಲಿ ಐಶ್ವರ್ಯಾಗಳು ಸಾಲಾಗಿ ಬಂದು ನಿಂತರು. ಹೆಸರು ಇಟ್ಟವರಿಗೆ ಅದು ಬೇರೆಯವರು ಇಟ್ಟಿರದ ಹೊಸ ಹೆಸರೇ ಆಗಿತ್ತು. ಊರಿನ ಎಲ್ಲ ಮನೆಗಳಲ್ಲೂ ಒಂದೇ ಹೊತ್ತಿಗೆ ಹೊಸದಾಗಿತ್ತು, ಅಷ್ಟೆ.

ಇದನ್ನು ಎಣಿಸಿ ಇಡುವ ದೇಶಗಳೂ ಇವೆ. ಅಮೆರಿಕದಲ್ಲಿ 1880ರಿಂದೀಚೆಗೆ ಹುಟ್ಟಿದ ಮಕ್ಕಳ ಹೆಸರುಗಳ ಪಟ್ಟಿಯನ್ನು ಸರ್ಕಾರವೇ ವರ್ಷವರ್ಷಕ್ಕೆ ಕೊಡುತ್ತದೆ. ಒಂದು ವರ್ಷದಲ್ಲಿ ಐದು ಮಕ್ಕಳಿಗಾದರೂ ಇಡದ ಹೆಸರನ್ನು, ಮಗುವಿನ ಗುರುತು ಸಿಕ್ಕೀತೆಂದು, ಪ್ರಕಟಿಸುವುದಿಲ್ಲ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಹೆಸರು ಅಪರೂಪವೋ ಅಲ್ಲವೋ ಎಂದು ತಿಳಿಯಲು ನಮಗಿರುವುದು ಶಾಲೆಯ ಹಾಜರಿ, ಮದುವೆಯ ಕರೆಯೋಲೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಳೆ. ನನ್ನ ಮೂವತ್ತು ವರ್ಷದ ಹಾಜರಿಯಲ್ಲಿ ಇಳಾ ಎಂಬ ಹುಡುಗಿ ಒಬ್ಬಳೇ. ಅಡಿಕೆ ತೋಟದ ಮನೆಯವಳು, ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಹೊಳೆ ದಾಟಿ ಬರುತ್ತಿದ್ದಳು. ಅವಳ ಹೆಸರನ್ನು ಯಾರೂ ತಪ್ಪು ಹೇಳಿದ್ದು ನೆನಪಿಲ್ಲ. ನಮ್ಮ ಕಡೆ ಅದಕ್ಕೆ ಕಾರಣವೇ ಇರಲಿಲ್ಲ. ಮಳೆ, ಹೊಳೆ, ಬಾಳೆ ಅನ್ನುವ ನಾಲಿಗೆಗೆ ಇಳಾ ಎನ್ನುವುದು ಏನು ಕಷ್ಟ? ಮಗಳು ‘ನೀನೇ ಒಂದು ಹೇಳು’ ಎಂದಾಗ ನನ್ನ ಬಾಯಿಗೆ ಬಂದದ್ದು ಆ ಹುಡುಗಿಯ ಹೆಸರು.

ಅಪರೂಪದ ಹೆಸರಿಡುವ ಧೈರ್ಯ ನಮ್ಮ ಊರಿಗೆ ಹೊಸದೇನೂ ಅಲ್ಲ. ಕುವೆಂಪು ತಮ್ಮ ಮಕ್ಕಳಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಸುತ್ತಲೂ ಪುಟ್ಟಪ್ಪ, ತಿಮ್ಮಪ್ಪ, ಪುಟ್ಟಮ್ಮಂದಿರಿದ್ದ ಕಾಲದಲ್ಲಿ ಈ ಹೆಸರುಗಳನ್ನು ಮೊದಲ ಸಲ ಕೇಳಿದವರಿಗೆ ಹೇಗನ್ನಿಸಿರಬೇಕು! ಮುಂದೆ ತೇಜಸ್ವಿ ಎಂಬ ಹೆಸರು ನಾಡೆಲ್ಲ ಹಬ್ಬಿತು, ನನ್ನ ಹಾಜರಿಗೂ ಬಂತು.

‘ಇಳಾ’ ಎಂದಾಗ ಮಗಳು ಸ್ವಲ್ಪ ಹೊತ್ತು ಸುಮ್ಮನಾದಳು. ‘ಚೆನ್ನಾಗಿದೆ ಅಮ್ಮ. ಆದರೆ ಇಲ್ಲಿ ನೋಯ್ಡಾದಲ್ಲಿ ಯಾರಿಗೂ ಳ ಬರಲ್ಲ.’

‘ಕಲಿತಾರೆ ಬಿಡು’ ಎಂದಿದ್ದೆ. ಅದನ್ನು ಎಷ್ಟು ಸಲೀಸಾಗಿ ಹೇಳಿದೆ ಎಂದು ನಾಮಕರಣದ ರಾತ್ರಿ ಅನ್ನಿಸಿತು.

ಳ ಹೇಳುವಾಗ ನಾಲಿಗೆ ಏನು ಮಾಡುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ. ಲ ಹೇಳಲು ತುದಿ ಹಲ್ಲಿನ ಹಿಂದೆ ತಾಗಿದರೆ ಸಾಕು. ಳ ಹೇಳಬೇಕಾದರೆ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಿನ ಚಾವಣಿಗೆ ಮುಟ್ಟಿಸಿ, ಉಸಿರನ್ನು ನಾಲಿಗೆಯ ಎರಡೂ ಬದಿಯಿಂದ ಬಿಡಬೇಕು. ಕನ್ನಡದ ಒಂದು ಮಾತೂ ಳಕಾರದಿಂದ ಶುರುವಾಗುವುದಿಲ್ಲ. ನಡುವೆ ಇಲ್ಲವೆ ಕೊನೆಯಲ್ಲಿ ಬಂದು ಕೂರುವ ಅಕ್ಷರ ಅದು. ಆದರೆ ಅದನ್ನು ಸರಿಸಿದರೆ ಹುಳಿ ಹುಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಮೂಳೆ ಮೂಲೆಗೆ ಸೇರುತ್ತದೆ, ಮಳೆ ಮಲೆಯಾಗುತ್ತದೆ. ತೆಲುಗು, ತಮಿಳು, ಮಲಯಾಳ, ಮರಾಠಿ, ಗುಜರಾತಿ, ಒಡಿಯಾ, ಪಂಜಾಬಿಗಳಲ್ಲಿ ಈ ಧ್ವನಿ ಇದೆ. ಮರಾಠಿಯವರಿಗೆ ಲೋಕಮಾನ್ಯರು ಇವತ್ತಿಗೂ ಟಿಳಕರೇ. ಅವರನ್ನು ತಿಲಕರು ಎಂದು ಕರೆಯುವವರು ನಾವು. ಹಿಂದಿಯ ವರ್ಣಮಾಲೆಯಲ್ಲಿ ಮಾತ್ರ ಈ ಅಕ್ಷರಕ್ಕೆ ಜಾಗವಿಲ್ಲ, ಬಂಗಾಳಿಯಲ್ಲೂ ಇಲ್ಲ.

ಇಂಗ್ಲಿಷಿನಲ್ಲಿ ಬರೆದರಂತೂ ಪಾಡು ಬೇರೆ. ತಮಿಳರು ತಮ್ಮ ವಿಶಿಷ್ಟ ೞಕಾರಕ್ಕೆ ಜೆಡ್ ಮತ್ತು ಎಚ್ ಜೋಡಿಸಿ ಒಂದು ಗುರುತು ಮಾಡಿಕೊಂಡಿದ್ದಾರೆ, ಕನಿಮೊೞಿ ಎಂಬ ಹೆಸರು ಕಂಡರೆ ಅಲ್ಲೇನೋ ಬೇರೆ ಧ್ವನಿ ಇದೆ ಎಂದಾದರೂ ಗೊತ್ತಾಗುತ್ತದೆ. ನಮ್ಮ ಳಕಾರಕ್ಕೆ ಅಂಥ ಗುರುತಿಲ್ಲ. 2014ರ ರಾಜ್ಯೋತ್ಸವದಂದು ಬೆಂಗಳೂರಿನ ಇಂಗ್ಲಿಷ್ ಹೆಸರನ್ನು ತಿದ್ದಿದಾಗಲೂ ಳ ಜಾಗದಲ್ಲಿ ಬರೀ ಎಲ್ ಉಳಿಯಿತು. ಇಳಾ ಎಂದು ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ. ಅದರಲ್ಲಿ ಮೊದಲಿನ ದೊಡ್ಡ ಐ ಮತ್ತು ಅದರ ಪಕ್ಕದ ಸಣ್ಣ ಎಲ್ ಮೊಬೈಲಿನ ಪರದೆಯ ಮೇಲೆ ಎರಡು ನೆಟ್ಟಗಿನ ಗೆರೆಗಳ ಹಾಗೆ ಒಂದೇ ರೀತಿ ಕಾಣುತ್ತವೆ. ಮಗುವಿನ ಹೆಸರಿಗೆ ಬಂದ ಉಡುಗೊರೆಯ ಪೊಟ್ಟಣ ಹಿಡಿದ ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು ‘ಲ್ಲಾ... ಎಲ್ಲಾ?’ ಎಂದು ಕೇಳಿದ. ಅವನದೇನು ತಪ್ಪು? ಕಣ್ಣಿಗೆ ಕಂಡದ್ದನ್ನೇ ಓದಿದ್ದಾನೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗಳು ತನ್ನ ಗೆಳತಿಯರಿಗೆ ಫೋಟೊ ತೋರಿಸಿದಾಗ ಅವರೆಲ್ಲ ‘ಐಲಾ’ ಎಂದರಂತೆ. ಸ್ಕಾಟ್ಲೆಂಡಿನ ಐಲಾ ದ್ವೀಪದಿಂದ ಬಂದ ಹೆಣ್ಣುಮಕ್ಕಳ ಹೆಸರೊಂದಿದೆ, ನಡುವೆ ಎಸ್ ಬರೆದರೂ ಉಚ್ಚರಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಅದು ಹಲವು ವರ್ಷ ಮೊದಲ ಹತ್ತು ಹೆಸರುಗಳಲ್ಲಿ ಒಂದಾಗಿದೆ. ನಮ್ಮಲ್ಲಿ ಅಪರೂಪವೆಂದು ಆರಿಸಿಕೊಂಡ ಹೆಸರು ಕಡಲಾಚೆ ಹೋದರೆ ಅಲ್ಲಿನ ಜನಪ್ರಿಯ ಹೆಸರಿನೊಳಗೆ ಬೆರೆತುಹೋಗುತ್ತದೆ.

ನಾಮಕರಣದ ಮಾರನೆಯ ಬೆಳಿಗ್ಗೆ ಅಳಿಯನನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ಅವರು ನೊಂದುಕೊಂಡರು. ‘ಅಮ್ಮಾ, ನಾನು ನೀವು ಹೇಳಿದ ಹಾಗೇ ಹೇಳಿದೆ ಅಂತ ಅಂದುಕೊಂಡಿದ್ದೆ. ನನ್ನ ಕಿವಿಗೆ ಎರಡೂ ಒಂದೇ ಥರ ಕೇಳುತ್ತೆ’ ಎಂದರು. ಆ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಇಷ್ಟು ವರ್ಷ ಉಚ್ಚಾರವನ್ನು ನಾಲಿಗೆಯ ಸಂಗತಿ ಎಂದೇ ತಿಳಿದಿದ್ದೆ, ಅದು ಮೊದಲು ಕಿವಿಯದು. ಆಮೇಲೆ ಈ ವಿಷಯವನ್ನು ಹುಡುಕಿ ಓದಿದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು 1984ರಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ಟ ಮತ್ತು ತ ಕೇಳಿಸಿ ಪರೀಕ್ಷಿಸಿದರು. ಆರೇಳು ತಿಂಗಳ ಕೂಸುಗಳಿಗೆ ಆ ಎರಡರ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಅದು ಕಳೆದುಹೋಗಿತ್ತು. ಸುತ್ತ ಕೇಳಿಸದ ಧ್ವನಿಗಳಿಗೆ ಕಿವಿ ಬಾಗಿಲು ಹಾಕಿಕೊಳ್ಳುತ್ತದೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಎದುರಿಗೆ ಕೂತು ಆಡಿದವರಿಂದ ಕೂಸುಗಳು ಪರಭಾಷೆಯ ಧ್ವನಿ ಹಿಡಿದುಕೊಂಡವು. ಅದನ್ನೇ ಪರದೆಯ ಮೇಲೆ ತೋರಿಸಿದಾಗ ಹಿಡಿಯಲಿಲ್ಲ. ಇದನ್ನು ಓದಿದ ದಿನ ಮಗಳಿಗೆ ಫೋನ್ ಮಾಡಿ, ‘ವಿಡಿಯೊ ಕಾಲ್ ಸಾಲದು, ನಾನೇ ಬರ್ತೀನಿ’ ಎಂದೆ. ಮಗಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾಳೆ, ನಿಜ. ಆದರೆ ಬೆಳಿಗ್ಗೆ ಎಂಟೂವರೆಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಆ ನಡುವಿನ ಹೊತ್ತಿನಲ್ಲಿ ಮಗುವಿನ ಕಿವಿಗೆ ಒಂದಾದರೂ ಳ ಬೀಳಬೇಡವೆ?

ನೋಯ್ಡಾಕ್ಕೆ ಹೋದಾಗ ಮಗುವಿಗೆ ಐದು ತಿಂಗಳು. ಕಾಶಿಯಿಂದ ಬೀಗಿತ್ತಿಯೂ ಬಂದಿದ್ದರು. ಒಂದೇ ಮನೆಯಲ್ಲಿ ಇಬ್ಬರು ಅಜ್ಜಿಯರು, ಒಂದು ತೊಟ್ಟಿಲು, ಎರಡು ಹೆಸರು. ಅವರು ‘ಇಲಾ ಬಿಟಿಯಾ’ ಎಂದಾಗಲೂ ಮಗು ತಿರುಗುತ್ತಿತ್ತು, ನಾನು ‘ಇಳಾ ಪುಟ್ಟಿ’ ಎಂದಾಗಲೂ ತಿರುಗುತ್ತಿತ್ತು. ಲಸಿಕೆ ಹಾಕಿಸಲು ಹೋದ ಕ್ಲಿನಿಕ್ಕಿನಲ್ಲಿ ಒಬ್ಬಾಕೆ ‘ಐಲಾ’ ಎಂದು ಕೂಗಿದಾಗ ನಾವಿಬ್ಬರೂ ನಮ್ಮನ್ನಲ್ಲವೆಂದು ಕೂತೇ ಇದ್ದೆವು, ಸರದಿ ದಾಟಿಹೋಯಿತು. ಮನೆಗೆ ಬರುವಾಗ ದಾರಿಯಲ್ಲಿ ಬೀಗಿತ್ತಿ ಹೇಳಿದರು: ‘ಬೆಹನ್‌ಜೀ, ನೀವು ಕರೆಯುವಾಗ ನಡುವೆ ಏನೋ ಒಂದು ಸದ್ದು ಇರುತ್ತೆ. ಅದನ್ನು ನನಗೆ ಹೇಳಿಕೊಡಿ. ನನ್ನ ಮೊಮ್ಮಗಳ ಹೆಸರು ನಾನೇ ತಪ್ಪು ಹೇಳಬಾರದು.’

ಅವತ್ತು ಮಧ್ಯಾಹ್ನ ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತೆವು. ಹುಡುಗಿಯಾಗಿದ್ದಾಗ ಬರೆದ ಪರೀಕ್ಷೆಗಳಿಂದ ಉಳಿದ ಹಿಂದಿ ನನ್ನದು. ‘ಟ ಹೇಳಿ. ನಾಲಿಗೆ ಎಲ್ಲಿ ಮುಟ್ಟಿತೋ ಅಲ್ಲೇ ಇಟ್ಟುಕೊಂಡು ಲ ಹೇಳಲು ನೋಡಿ’ ಎಂದೆ. ಅವರು ಕಣ್ಣು ಮುಚ್ಚಿಕೊಂಡು ಪ್ರಯತ್ನಿಸಿದರು. ಹತ್ತು ಸಲ ಲ ಬಂತು. ಹನ್ನೊಂದನೆಯ ಸಲ ಬೇರೇನೋ ಬಂತು: ಇಡಾ. ಡಬ್ಬಿಯ ಗಟ್ಟಿ ಡ ಅಲ್ಲ, ಹಿಂದಿಯವರು ಲಡಕಿ, ಸಡಕ್ ಎನ್ನುವಾಗ ನಾಲಿಗೆ ಮಡಚಿ ತಟ್ಟನೆ ಬಿಡುತ್ತಾರಲ್ಲ, ಡಕಾರದ ಕೆಳಗೆ ಚುಕ್ಕೆ ಇಟ್ಟು ಬರೆಯುವ ಆ ಡ. ನಾನು ‘ಅಲ್ಲ’ ಎನ್ನುವ ಮೊದಲೇ ಬೀಗಿತ್ತಿ ಕಣ್ಣು ತೆರೆದರು. ಮುಖ ಅರಳಿತ್ತು. ‘ಇದು ನಮ್ಮ ಕಾಮಾಯನಿಯ ಇಡಾ!’

ಅವರು ಹಿಂದಿ ಎಂ.ಎ. ಓದಿದವರು. ಜಯಶಂಕರ ಪ್ರಸಾದರು ಅವರದೇ ಊರಿನ ಕವಿ. 1936ರ ಆ ಮಹಾಕಾವ್ಯದಲ್ಲಿ ಪ್ರಳಯದಿಂದ ಉಳಿದ ಮನು, ಹೃದಯದ ರೂಪವಾದ ಶ್ರದ್ಧೆ, ಬುದ್ಧಿಯ ರೂಪವಾದ ಇಡಾ. ಹಳೆಯ ಕಥೆಗಳಲ್ಲಿ ಮನುವಿನ ಮಗಳಾದ ಇಳೆಯೇ ಅಲ್ಲಿ ಇಡಾ. ಮೊಮ್ಮಗಳಿಗೆ ಇಟ್ಟ ಹೆಸರು ದಕ್ಷಿಣದ ಕಡೆಯ ಯಾವುದೋ ಕಷ್ಟದ ಹೆಸರು ಎಂದುಕೊಂಡಿದ್ದವರಿಗೆ, ಅದು ತಾವು ಇಪ್ಪತ್ತರ ಹರೆಯದಲ್ಲಿ ಓದಿ ಪ್ರೀತಿಸಿದ ಹೆಸರೇ ಎಂದು ಆ ಕ್ಷಣ ತಿಳಿಯಿತು. ನನಗೂ ಮೈ ಜುಂ ಎಂದಿತು. ಅವರ ನಾಲಿಗೆ ತಪ್ಪಿ ಎಲ್ಲಿಗೋ ಹೋಗಿರಲಿಲ್ಲ, ನನ್ನ ನಾಲಿಗೆ ಮುಟ್ಟುವ ಜಾಗವನ್ನೇ ಮುಟ್ಟಿ ಬಂದಿತ್ತು.

ರಾತ್ರಿ ಊರಿನ ಪುರೋಹಿತರಿಗೆ ಫೋನ್ ಮಾಡಿ ಕೇಳಿದೆ. ‘ಸರಿಯಾಗೇ ಇದೆ ಅಮ್ಮ’ ಎಂದರು. ‘ನಮ್ಮ ಯಜುರ್ವೇದದಲ್ಲಿ ಇಡಾ ಅಂತಲೇ ಬರೋದು. ಋಗ್ವೇದದವರು ಇಳಾ ಅಂತಾರೆ.’ ಋಗ್ವೇದದ ಪಾಠದಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿದ ಡಕಾರ ಳಕಾರವಾಗುತ್ತದೆ. ಆ ವೇದದ ಮೊದಲ ಸೂಕ್ತದ ಎರಡನೆಯ ಪದವೇ ‘ಈಳೇ’. ಕಾಶಿಯ ಘಟ್ಟದಲ್ಲಿ ಕೂತು ಋಗ್ವೇದ ಹೇಳುವವರು ದಿನವೂ ಳ ಹೇಳುತ್ತಾರೆ. ಪಕ್ಕದ ಬೀದಿಯ ಮಾತಿನಲ್ಲಿ ಅದಿಲ್ಲ. ಮುಂದಿನ ಸಂಸ್ಕೃತದಲ್ಲಿ ಅದೇ ಹೆಸರು ಇಲಾ ಎಂದೂ ಆಯಿತು. ಅಮರಕೋಶ ಇಡಾ, ಇಲಾ ಎರಡನ್ನೂ ಹೇಳಿ ಮೂರು ಅರ್ಥ ಕೊಡುತ್ತದೆ: ಹಸು, ಭೂಮಿ, ಮಾತು. ನಾವು ಕನ್ನಡದವರು ಗಂಗಾ ಎಂಬುದನ್ನು ಗಂಗೆ ಮಾಡಿಕೊಂಡಂತೆ ಇಳಾ ಎಂಬುದನ್ನು ಇಳೆ ಮಾಡಿಕೊಂಡು ಭೂಮಿಯ ಅರ್ಥವನ್ನು ಇಟ್ಟುಕೊಂಡೆವು.

ಹಾಗಾದರೆ ನಾಮಕರಣದ ದಿನ ಅಳಿಯ ಹೇಳಿದ್ದೂ ಸುಳ್ಳಲ್ಲ. 1972ರಲ್ಲಿ ಅಹಮದಾಬಾದಿನಲ್ಲಿ ‘ಸೇವಾ’ ಸಂಘ ಕಟ್ಟಿ, ಬೀದಿಯಲ್ಲಿ ತರಕಾರಿ ಮಾರುವ, ತಲೆಹೊರೆ ಹೊರುವ, ಮನೆಯಲ್ಲಿ ಬೀಡಿ ಸುತ್ತುವ ಹೆಂಗಸರಿಗೆ ದನಿಯಾದ ಇಲಾ ಭಟ್, ಬಂಗಾಳದ ತೇಭಾಗಾ ರೈತ ಹೋರಾಟದ ಇಲಾ ಮಿತ್ರ – ಆ ಹೆಸರನ್ನು ಲಕಾರದಲ್ಲೇ ಹೊತ್ತು ದೊಡ್ಡವರಾದವರು. ಇಷ್ಟೆಲ್ಲ ತಿಳಿದ ಮೇಲೂ ನನಗೆ ಳ ಬಿಡಲು ಮನಸ್ಸಾಗಲಿಲ್ಲ. ಏಕೆಂದು ಹೇಳುತ್ತೇನೆ. ನಮ್ಮ ಭಾಷೆ ಇಂಥ ಒಂದು ಧ್ವನಿಯನ್ನು ಈಗಾಗಲೇ ಕಳೆದುಕೊಂಡಿದೆ. ಹಳಗನ್ನಡದಲ್ಲಿ ೞ ಎಂಬ ಇನ್ನೊಂದು ಅಕ್ಷರವಿತ್ತು. ಮಳೆ, ಏಳು, ಬಾಳೆ ಎಂದು ನಾವು ಇಂದು ಬರೆಯುವಲ್ಲೆಲ್ಲ ಆಗ ಅದೇ ಇತ್ತು. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ರಳ, ಕುಳ, ಕ್ಷಳ ಎಂದು ಬೇರೆ ಬೇರೆ ಮಾಡಿ, ಎಲ್ಲಿ ಯಾವುದು ಬರಬೇಕೆಂದು ಶ್ರಮಪಟ್ಟು ವಿವರಿಸಿದ್ದಾನೆ. ಜನರ ಬಾಯಲ್ಲಿ ಅವು ಕಲಸತೊಡಗಿದ್ದಕ್ಕೇ ಅಷ್ಟು ಶ್ರಮ ಎಂದು ನನಗೆ ತೋರುತ್ತದೆ. ತಮಿಳರು, ಮಲಯಾಳಿಗಳು ತಮ್ಮ ೞವನ್ನು ಇಂದಿಗೂ ಹೇಳುತ್ತಾರೆ, ನಮ್ಮಲ್ಲಿ ಅದು ಳಕಾರದಲ್ಲಿ ಕರಗಿಹೋಯಿತು. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ಆ ಅಕ್ಷರಕ್ಕೆ ‘ಕನ್ನಡ ಅಕ್ಷರ ಫ’ ಎಂಬ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ, ಹಾಗಾಗಿ ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿಟ್ಟಿದ್ದಾರೆ. ಮಾತಿನಿಂದ ಮರೆಯಾದ ಅಕ್ಷರಕ್ಕೆ ತನ್ನ ಹೆಸರನ್ನು ತಿದ್ದಿಸಿಕೊಳ್ಳಲೂ ಆಗಲಿಲ್ಲ. ಈಗ ಟಿ.ವಿ.ಯಲ್ಲಿ ‘ಬೆಂಗಲೂರು’, ‘ಮಲೆ ಬರುತ್ತಿದೆ’ ಎಂದು ಕೇಳಿದಾಗಲೆಲ್ಲ ನನಗೆ ಆ ಅಕ್ಷರದ ನೆನಪಾಗುತ್ತದೆ.

ಅಳಿಯನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಮಗು ಹುಟ್ಟಿದಾಗ ಹೆಸರು ಗೊತ್ತಾಗಿರಲಿಲ್ಲವಾದ್ದರಿಂದ ಜನನ ನೋಂದಣಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರು. 1969ರ ಜನನ ಮರಣ ನೋಂದಣಿ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ: ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು, ಹೆಸರನ್ನು ಆಮೇಲೂ ಸೇರಿಸಬಹುದು. ನಾನು ಅಲ್ಲಿದ್ದಾಗಲೇ ಹೆಸರು ಸೇರಿಸಲು ಹೋದರು. ಹಿಂದಿಯ ಕಾಲಂನಲ್ಲಿ ಅಲ್ಲಿನವರು ಲಕಾರ ಹಾಕಿ, ಆ ಇನ್ನೊಂದು ಅಕ್ಷರ ಹಿಂದಿಯಲ್ಲಿ ಇಲ್ಲವೆಂದರಂತೆ. ಅಳಿಯ ಮೆಲ್ಲಗೆ ಕೀಲಿಮಣೆಯತ್ತ ಬಾಗಿ, ಲಕಾರ ಬರುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿ ಎಂದರಂತೆ. ಒತ್ತಿದರು, ನಾಗರಿಯ ಳ ಬಂತು. ಮನೆಗೆ ಬಂದು ಆ ಕಾಗದ ನನ್ನ ಕೈಗಿಟ್ಟು, ‘ಅಮ್ಮಾ, ಹೇಳಲು ನನಗೆ ಬರದಿದ್ದರೂ ಬರೆದದ್ದು ಸರಿಯಾಗಿದೆ ನೋಡಿ’ ಎಂದರು. ಅಕ್ಕಿಯ ತಟ್ಟೆಯ ಮೇಲೆ ಉಂಗುರ ಹಿಡಿದು ಕೂತಿದ್ದ ಅವರ ಕೈ ನೆನಪಾಯಿತು. ಆ ದಿನ ನಾನು ಕಿವಿಗೆ ಬಿದ್ದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ.

ಹೆಣ್ಣುಮಕ್ಕಳ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಕಿವಿಗೆ ಹಿತವಾಗಿರಬೇಕು, ಕೊನೆಯಲ್ಲಿ ದೀರ್ಘಸ್ವರ ಇರಬೇಕು ಎಂದು ಮನುಸ್ಮೃತಿ ಹೇಳುತ್ತದೆ. ಮನು ಎಂಬ ಹೆಸರಿನವನ ಮಗಳೆಂದೇ ಹಲವು ಹಳೆಯ ಕಥೆಗಳು ಹೇಳುವುದು ಇಳೆಯನ್ನು. ಅವಳ ಹುಟ್ಟೇ ಉಚ್ಚಾರಕ್ಕೆ ತಳುಕು ಹಾಕಿಕೊಂಡಿದೆ. ಭಾಗವತದಲ್ಲಿ ಮನು ಮಗ ಬೇಕೆಂದು ಯಜ್ಞ ಮಾಡಿಸುತ್ತಾನೆ. ಹೆಂಡತಿ ಶ್ರದ್ಧೆ ಹೋತೃವಿನ ಬಳಿ ಹೋಗಿ ತನಗೆ ಮಗಳು ಬೇಕೆಂದು ಕೇಳಿಕೊಳ್ಳುತ್ತಾಳೆ. ಹೋತೃ ಅದನ್ನೇ ಮನಸ್ಸಿನಲ್ಲಿಟ್ಟು ಮಂತ್ರ ಹೇಳಿದ್ದರಿಂದ ಇಳೆ ಹುಟ್ಟುತ್ತಾಳೆ. ಶತಪಥ ಬ್ರಾಹ್ಮಣದ ಕಥೆ ಇನ್ನೂ ಹಳೆಯದು, ನನಗೆ ಇನ್ನೂ ಇಷ್ಟವಾದದ್ದು. ಪ್ರಳಯ ಇಳಿದ ಮೇಲೆ ಒಬ್ಬನೇ ಉಳಿದ ಮನು ತುಪ್ಪ, ಮೊಸರುಗಳನ್ನು ನೀರಿಗೆ ಅರ್ಪಿಸುತ್ತಾನೆ. ವರ್ಷ ಕಳೆದಾಗ ನೀರಿನಿಂದ ಹೆಣ್ಣೊಬ್ಬಳು ಎದ್ದು ಬರುತ್ತಾಳೆ, ಅವಳ ಹೆಜ್ಜೆಯಲ್ಲಿ ತುಪ್ಪ ಕೂಡಿಕೊಳ್ಳುತ್ತದೆ. ಮಿತ್ರ ಮತ್ತು ವರುಣರು ಎದುರಾಗಿ ಯಾರು ನೀನು ಎಂದು ಕೇಳುತ್ತಾರೆ. ಮನುವಿನ ಮಗಳು ಎನ್ನುತ್ತಾಳೆ. ನಮ್ಮವಳೆಂದು ಹೇಳು ಎಂದು ಆ ದೇವತೆಗಳು ಕೇಳಿದರೂ ಒಪ್ಪುವುದಿಲ್ಲ. ತಾನು ಯಾರೆಂದು ತಾನೇ ಹೇಳಿ ಮುಂದೆ ನಡೆಯುತ್ತಾಳೆ. ಬಾಲ್ಕನಿಯಲ್ಲಿ ಈ ಕಥೆಯನ್ನು ನನ್ನ ಮುರುಕು ಹಿಂದಿಯಲ್ಲಿ ಹೇಳಿದಾಗ ಬೀಗಿತ್ತಿ ಮಗುವಿನ ಕಾಲನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಎರಡು ತಿಂಗಳು ಇದ್ದು ಬಂದೆ. ಬೀಗಿತ್ತಿಯ ಇಡಾ ದಿನದಿಂದ ದಿನಕ್ಕೆ ಮೆತ್ತಗಾಗುತ್ತ ಬಂತು. ನಾಲಿಗೆಯನ್ನು ತಟ್ಟನೆ ಬಿಡದೆ ಒಂದು ಗಳಿಗೆ ಹೆಚ್ಚು ಹಿಡಿಯುವುದನ್ನು ಕಲಿತರು. ಕಾಶಿಗೆ ಮರಳಿದ ಮೇಲೂ ದಿನ ಬಿಟ್ಟು ದಿನ ದನಿ ಸಂದೇಶ ಕಳಿಸುತ್ತಿದ್ದರು: ಇಳಾ, ಮಳೆ, ತೀರ್ಥಹಳ್ಳಿ. ಅವರ ಬಾಯಲ್ಲಿ ನಮ್ಮ ಊರು ‘ಹಲ್ಲಿ’ ಬಿಟ್ಟು ‘ಹಳ್ಳಿ’ಯಾದ ದಿನ ನಾನು ಆ ಸಂದೇಶವನ್ನು ಅಕ್ಕಪಕ್ಕದವರಿಗೆಲ್ಲ ಕೇಳಿಸಿದೆ.

ಮೊನ್ನೆ ದೀಪಾವಳಿಗೆ ಎಲ್ಲರೂ ಊರಿಗೆ ಬಂದಿದ್ದರು. ಮಗುವಿಗೆ ಈಗ ಒಂದೂಮುಕ್ಕಾಲು ವರ್ಷ. ತುಂಗಾ ನದಿಯ ಕಡೆ ಕರೆದುಕೊಂಡು ಹೋಗಿದ್ದೆವು. ರಾಮೇಶ್ವರ ದೇವಸ್ಥಾನದ ಹತ್ತಿರ ಹೂ ಮಾರುವ ಮುದುಕಿ ಕೆನ್ನೆ ಸವರಿ, ‘ಏನೇ ಪುಟ್ಟಿ, ನಿನ್ನ ಹೆಸರೇನೇ?’ ಎಂದಳು. ಅಳಿಯ, ಮಗಳು, ಬೀಗಿತ್ತಿ, ನಾನು, ನಾಲ್ವರೂ ಒಟ್ಟಿಗೆ ಬಾಯಿ ತೆರೆದೆವು. ಅಷ್ಟರಲ್ಲಿ ಅವಳೇ ಹೇಳಿದಳು: ‘ಇಯಾ.’

‘ಇಯಾನಾ? ಚಂದ ಉಂಟು’ ಎಂದು ಮುದುಕಿ ಒಂದು ಸೇವಂತಿಗೆ ಕೊಟ್ಟಳು.

ಲಕಾರವೂ ಅಲ್ಲ, ಡಕಾರವೂ ಅಲ್ಲ. ಈ ವಯಸ್ಸಿನ ನಾಲಿಗೆಗೆ ಯಕಾರವೇ ಹತ್ತಿರ. ಬೀಗಿತ್ತಿ ಅಂದಿನಿಂದ ಅವಳನ್ನು ಇಯಾ ಎಂದೇ ಕರೆಯುತ್ತಿದ್ದಾರೆ, ಅಳಿಯನಿಗೆ ಆ ಹೆಸರು ಕೊನೆಗೂ ಕಿವಿಗೂ ನಾಲಿಗೆಗೂ ಒಂದೇ ಆಗಿ ಸಿಕ್ಕಿದೆ. ನಾನೂ ತಿದ್ದಲು ಹೋಗಿಲ್ಲ. ಮಕ್ಕಳ ಬಾಯಿಗೆ ಳ ಬರಲು ಇನ್ನೂ ಎರಡು ಮೂರು ವರ್ಷ ಬೇಕು. ಹೊಳೆ ದಂಡೆಯಲ್ಲಿ ಕೂತಾಗ ಅವಳು ನೀರಿಗೆ ಕೈ ಚಾಚಿ ‘ಒಯೆ, ಒಯೆ’ ಎನ್ನುತ್ತಿದ್ದಳು. ನಾನು ಪ್ರತಿ ಸಲವೂ ‘ಹೌದು ಇಳಾ, ಹೊಳೆ’ ಎನ್ನುತ್ತಿದ್ದೆ.